ಹಿಲ್ಡಾಬಾಯಿಯ ಲಕ್ಕಿ

ಹೋದ ತಿಂಗಳು ಬಸವನ ಬಾಗೇವಾಡಿಯಿಂದ ನಿಡಗುಂದಿಗೆ ಒಂದು ಮದುವೆಗೆ ಹೊರಟಿದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ಬಿಸಿಗಾಳಿಯ ಜೊತೆ ಒಂದು ವಾಸನೆ ಒಳಗೆ ಬಂತು. ಆಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ, ವರ್ಷವಿಡೀ ನೀರಿನಡಿ ಮಲಗಿದ್ದ ರೇವೆಮಣ್ಣು ಬಿಸಿಲಿಗೆ ಬಿರಿದು ಬಿಡುವ ವಾಸನೆ. ಅದರಲ್ಲಿ ಸತ್ತ ಮೀನೂ ಇರುತ್ತದೆ, ಕೊಳೆತ ಜೊಂಡೂ ಇರುತ್ತದೆ. ಅದರ ಕೆಳಗೆ, ಬಹಳ ವರ್ಷ ಮುಚ್ಚಿಟ್ಟ, ನೆಲದೊಳಗಿನ ಜೋಳದ ಹಗೇವು ತೆರೆದಾಗ ಮುಖಕ್ಕೆ ಬಡಿಯುವಂಥ ಒಂದು ತಣ್ಣನೆಯ ಉಸಿರೂ ಇರುತ್ತದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದಳು. ನನಗೆ ಹಿಲ್ಡಾಬಾಯಿ ಬಂದಿದ್ದ ಆ ಬೇಸಿಗೆ ನೆನಪಾಯಿತು.

ಆಗ ನಾನು ನಿಡಗುಂದಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಬೇಸಿಗೆ ಸೂಟಿಯಲ್ಲಿ, ಮೇ ತಿಂಗಳ ನಡುವೆ ಒಂದು ದಿನ ಹೆಡ್‌ಮಾಸ್ತರರು ಕರೆಸಿದರು.

"ಶಾರದಾಬಾಯಾರ, ಇಂಗ್ಲೆಂಡಿನಿಂದ ಒಬ್ಬ ಅಜ್ಜಿ ಬಂದಾಳ. ಸಣ್ಣ ಹುಡುಗರ ಕಥಿ ಪುಸ್ತಕ ಬರಿಯಾಕಿ. ತಿಂಗಳೊಪ್ಪತ್ತು ಇರ್ತಾಳಂತ. ಆಕಿ ಮಾತು ನಮ್ಮ ಮಂದಿಗೆ, ನಮ್ಮ ಮಂದಿ ಮಾತು ಆಕಿಗೆ ತಿಳಿಸಿ ಹೇಳಾಕ ಒಬ್ರು ಬೇಕಾಗ್ಯಾರ. ನೀವ ಹೋಗ್ರಿ."

"ಸರ, ನಾ ವ್ಯಾಕರಣ ಹೇಳಾಕಿ. ಇಂಗ್ಲಿಷಿನವರ ಜೋಡಿ ಯಾವತ್ತೂ ಮಾತಾಡಿಲ್ರಿ."

"ಅವ್ರೂ ನಿಮ್ಮ ಜೋಡಿ ಯಾವತ್ತೂ ಮಾತಾಡಿಲ್ಲಲ್ರಿ," ಎಂದು ಅವರು ನಕ್ಕರು.

ಹಿಲ್ಡಾ ವೆಸ್ಟ್‌ಲೇಕ್ ಎಂಬ ಆ ಹೆಂಗಸಿಗೆ ಎಪ್ಪತ್ತೈದು ದಾಟಿತ್ತು. ತೆಳ್ಳಗೆ, ಎತ್ತರಕ್ಕೆ ಇದ್ದರು. ಪ್ರವಾಸಿ ಮಂದಿರದ ಪಡಸಾಲೆಯಲ್ಲಿ ಬಿದಿರಿನ ಕುರ್ಚಿಯ ತುದಿಗೆ ಕೂತು, ಯಾರೋ ಕರೆಯುತ್ತಾರೆ ಎಂಬಂತೆ ಯಾವಾಗಲೂ ಹೊಳೆಯ ಕಡೆಗೆ ಕಿವಿಗೊಟ್ಟಿರುತ್ತಿದ್ದರು. ಅಡಿಗೆಯವನು ಮೊದಲ ದಿನವೇ ಅವರನ್ನು ಹಿಲ್ಡಾಬಾಯಿ ಅಂದ. ಅದೇ ಹೆಸರು ನಿಂತಿತು.

ಮೊದಲ ಮೂರು ದಿನ ಅವರು ತಮ್ಮ ಬದುಕನ್ನು ಹೇಳಿದರು, ನಾನು ಕೇಳಿದೆ. ಅವರ ತಂದೆ ಬ್ರಿಟಿಷರ ಕಾಲದ ಕೊನೆಯಲ್ಲಿ ಇಲ್ಲಿಯ ರೈಲ್ವೆ ಸೇತುವೆ ನೋಡಿಕೊಳ್ಳುವ ಎಂಜಿನಿಯರ್. ಹೊಳಿಹಾಳ ಎಂಬ ಹೊಳೆದಂಡೆಯ ಹಳ್ಳಿಯಲ್ಲಿ ಅವರ ಬಂಗಲೆ ಇತ್ತು. ನಾಲ್ಕು ವರ್ಷದವರಿದ್ದಾಗ ಬಂದ ಹಿಲ್ಡಾ ಏಳು ತುಂಬುವವರೆಗೆ ಅಲ್ಲೇ ಬೆಳೆದರು. ತಾಯಿ ಇರಲಿಲ್ಲ. ಸಾಕಿದವಳು ಸಂಗವ್ವ ಎಂಬ ಆಯಾ. ಆಮೇಲೆ ಇಂಗ್ಲೆಂಡಿನ ಒಂದು ವಸತಿ ಶಾಲೆ. ದೊಡ್ಡವರಾದ ಮೇಲೆ ಒಂದು ಸಣ್ಣ ಊರಿನ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗದ ಕೆಲಸ. ಮದುವೆ ಆಗಲಿಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಮೊದಲ ಪುಸ್ತಕ ಬರೆದರು. ಅದರ ನಾಯಕಿ ಒಂಬತ್ತು ವರ್ಷದ ಹುಡುಗಿ, ಹೊಳೆಯ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಆಡುವವಳು. ಹೆಸರು ಲಕ್ಕಿ. ಇಂಗ್ಲಿಷಿನಲ್ಲಿ ಆ ಹೆಸರಿಗೆ ಅದೃಷ್ಟವಂತೆ ಎಂದು ಅರ್ಥವಾಗುವುದರಿಂದ ಪ್ರಕಾಶಕರಿಗೆ ಬಹಳ ಹಿಡಿಸಿತಂತೆ. ಪುಸ್ತಕ ಗೆದ್ದಿತು. ಒಂದರ ಹಿಂದೆ ಒಂದು ಹತ್ತೊಂಬತ್ತು ಪುಸ್ತಕ ಬಂದವು, ಎಲ್ಲದರಲ್ಲೂ ಲಕ್ಕಿ. ಊರೂರಿನ ಮಕ್ಕಳು ಲಕ್ಕಿಗೆ ಕಾಗದ ಬರೆಯುತ್ತಿದ್ದರು. ನಂತರ ಕಾಲ ಬದಲಾಯಿತು. ಹಳೇ ಶೈಲಿ ಎಂದರು. ಅಂಗಡಿಗಳಲ್ಲಿ ಪುಸ್ತಕ ಕಾಣದಾದವು.

"ಅದಕ್ಕೆ ನನಗೆ ದುಃಖವಿಲ್ಲ," ಎಂದರು ಹಿಲ್ಡಾಬಾಯಿ. "ನಾನು ಬರೆಯಲು ಕೂತಾಗ ದಿನಾ ಬೆಳಿಗ್ಗೆ ಅವಳು ಬರುತ್ತಿದ್ದಳು. ಮೇಜಿನ ಎಡಕ್ಕೆ ನಿಲ್ಲುತ್ತಿದ್ದಳು. ನಲವತ್ತು ವರ್ಷ ತಪ್ಪಿಸಿದವಳಲ್ಲ. ಎರಡು ವರ್ಷದ ಹಿಂದೆ ಬರುವುದನ್ನು ನಿಲ್ಲಿಸಿಬಿಟ್ಟಳು."

ಲೇಖಕರು ಹೀಗೆಲ್ಲ ಮಾತಾಡುತ್ತಾರೆ ಎಂದು ನಾನು ತಲೆದೂಗಿದೆ. ಅವರು ನನ್ನ ಮುಖ ನೋಡಿದರು.

"ನಿಮಗೆ ಅರ್ಥವಾಗಲಿಲ್ಲ. ಲಕ್ಕಿ ನಾನು ಕಟ್ಟಿದ ಪಾತ್ರವಲ್ಲ. ಸಂಗವ್ವನ ಮಗಳು. ಮೂರು ವರ್ಷ ನನ್ನ ಜೊತೆ ಆಡಿದವಳು. ನಾವು ಊರು ಬಿಡುವ ದಿನ, ಮೆಟ್ಟಿಲ ಮೇಲೆ ಕಾದಿರು, ಬಂದು ಹೇಳಿಯೇ ಹೋಗುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ನನ್ನನ್ನು ನಿದ್ದೆಯಲ್ಲೇ ಎತ್ತಿಕೊಂಡು ರೈಲಿಗೆ ಹತ್ತಿಸಿದರು. ಎಚ್ಚರವಾದಾಗ ಸಂಗವ್ವ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು. ಲಕ್ಕಿ ಎಲ್ಲಿ ಎಂದೆ. ಹೊಳೆಯಲ್ಲಿದ್ದಾಳೆ ಎಂದು ಅತ್ತಳು. ರೈಲು ಬಿಟ್ಟಿತು. ನನಗಾಗಿ ಕಾಯುತ್ತ ಆ ಹುಡುಗಿ ಮುಳುಗಿ ಸತ್ತಳು. ಅವಳನ್ನು ಬದುಕಿಸಿ ಇಡಲಿಕ್ಕೆ ನಾನು ಹತ್ತೊಂಬತ್ತು ಪುಸ್ತಕ ಬರೆದೆ. ಈಗ ಅವಳಿಗೆ ಸಿಟ್ಟು ಬಂದಿದೆ. ಅವಳ ಮನೆಯವರು ಯಾರಾದರೂ ಉಳಿದಿದ್ದರೆ ಕಾಲು ಹಿಡಿದು ತಪ್ಪೊಪ್ಪಿಕೊಳ್ಳಬೇಕು."

ನಾಲ್ಕನೆಯ ದಿನ ಹಳೇ ಹೊಳಿಹಾಳಕ್ಕೆ ಹೋದೆವು. ಆಣೆಕಟ್ಟು ತುಂಬಿದಾಗ ಮುಳುಗಿದ ಊರು ಅದು. ಜನರೆಲ್ಲ ಮೇಲಿನ ಪುನರ್ವಸತಿ ಊರಿಗೆ ಹೋಗಿದ್ದರು. ಆ ವರ್ಷ ನೀರು ಬಹಳ ಕೆಳಗಿಳಿದು ಅರ್ಧ ಊರು ಹೊರಗೆ ಬಿದ್ದಿತ್ತು. ಕಾರು ಓಡಿಸುತ್ತಿದ್ದ ಮೈಬೂಬಣ್ಣ ದಂಡೆಯ ಮೇಲೆಯೇ ಗಾಡಿ ನಿಲ್ಲಿಸಿದ.

"ನಾ ಇಲ್ಲೇ ಇರ್ತೇನ್ರಿ. ಮುಳುಗಿದ ಊರಾಗ ಕಾಲಿಡಬಾರ್ದಂತ ನಮ್ಮಪ್ಪ ಹೇಳ್ಯಾನ."

ನಡುಹಗಲು. ಸೂರು ಇಲ್ಲದ ಗೋಡೆಗಳು ಸೊಂಟದೆತ್ತರ ನಿಂತಿದ್ದವು. ಎಲ್ಲದರ ಮೇಲೂ ಬೂದುಬಣ್ಣದ ರೇವೆ. ಒಂದು ಮನೆಯ ಒಲೆ ಹಾಗೆಯೇ ಇತ್ತು, ಅದರ ಬಾಯಿಯ ತುಂಬ ಕಪ್ಪೆಚಿಪ್ಪು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ನಾನು ದಾರಿ ತಿಳಿಯದೆ ನಿಂತಿದ್ದರೆ ಹಿಲ್ಡಾಬಾಯಿ ಓಣಿಯಲ್ಲಿ ನೆಟ್ಟಗೆ ನಡೆದರು, ಎಡಕ್ಕೆ ತಿರುಗಿದರು, ಏನೂ ಇಲ್ಲದ ಬಯಲಿನಲ್ಲಿ ಯಾವುದೋ ಕೊಂಬೆ ತಾಗದಂತೆ ತಲೆ ಬಗ್ಗಿಸಿದರು. ಅಲ್ಲಿ ನನ್ನ ಕಾಲಿಗೆ ತಗುಲಿದ್ದನ್ನು ಬಗ್ಗಿ ನೋಡಿದೆ. ದೊಡ್ಡ ಬೇವಿನ ಮರ ಕಡಿದ ಬೊಡ್ಡೆ.

ಮುಂದೆ ಹೊಳೆಯ ಪಾವಟಿಗೆ. ಕಪ್ಪುಕಲ್ಲಿನ ಮೆಟ್ಟಿಲು ಇಳಿದು ಇಳಿದು ನೀರಿನಲ್ಲಿ ಮುಳುಗಿದ್ದವು. ಕನ್ನಡ ಒಂದಕ್ಷರವೂ ನೆನಪಿಲ್ಲ ಎಂದಿದ್ದ ಆ ಮುದುಕಿ ಮೇಲಿನ ಕಲ್ಲಿನ ಮೇಲೆ ಕೂತರು. ಸಣ್ಣ ಹುಡುಗಿಯ ದನಿಯಲ್ಲಿ, ನಮ್ಮ ಹೊಳೆಸಾಲಿನ ಮಾತಿನಲ್ಲಿ ಕೂಗಿದರು.

"ಲಕ್ಕೀ, ನಾ ಬಂದೇನಿ."

ಕೆಳಗಿನಿಂದ ಟಕ್ ಟಕ್ ಎಂದು ಸದ್ದಾಯಿತು. ಐದು ಬೆಣಚುಕಲ್ಲು ಹಾರಿಸಿ ಹಿಡಿಯುವ ಆಟದಲ್ಲಿ ಕಲ್ಲು ಕಲ್ಲಿಗೆ ತಾಗುವಂಥ ಸದ್ದು. ಬಿಸಿಲಿಗೆ ಹಳೇ ಕಲ್ಲು ಬಿರಿಯುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾರಿಗೆ ಬರುವವರೆಗೆ ನಾನು ಹಿಂದಿರುಗಿ ನೋಡಲಿಲ್ಲ.

ಸಂಗವ್ವನ ಮನೆಯವರನ್ನು ಹುಡುಕಲು ಪುನರ್ವಸತಿ ಊರಿಗೆ ಹೋದೆವು. ಕೇಳಿದವರಲ್ಲಿ ಯಾರಿಗೂ ಬಂಗಲೆಯ ಕಾಲ ನೆನಪಿರಲಿಲ್ಲ. ಗುಡಿಯ ಮುಂದಿನ ಕಟ್ಟೆಯಲ್ಲಿ ಹೆಂಗಸರು ಶೇಂಗಾ ಸುಲಿಯುತ್ತ ಕೂತಿದ್ದರು. ಹಿಲ್ಡಾಬಾಯಿಯ ಮೊದಲ ಪುಸ್ತಕ ನನ್ನ ಕೈಯಲ್ಲಿತ್ತು. ಅದರ ಕಥೆ ಕೇಳಿದರೆ ಯಾರಿಗಾದರೂ ಏನಾದರೂ ಹೊಳೆಯಬಹುದು ಎಂದು ಕನ್ನಡದಲ್ಲಿ ಹೇಳತೊಡಗಿದೆ. ಲಕ್ಕಿ ಮೆಟ್ಟಿಲು ಎಣಿಸಿಕೊಂಡು ಇಳಿಯುವ ಜಾಗ ಬಂತು. ಇಂಗ್ಲಿಷಿನಲ್ಲಿ ಪ್ರಾಸ ಕಟ್ಟಿದ್ದರು. ನಾನು ತಡವರಿಸುತ್ತ ಹೇಳಿದೆ.

"ಒಂದು ಕಾಗಿಗೆ, ಎರಡು ಕರುವಿಗೆ..."

ಮುಂದಿನ ಸಾಲು ಓದಿಕೊಳ್ಳಲು ಪುಸ್ತಕದ ಮೇಲೆ ಬಗ್ಗಿದೆ. ನನ್ನ ಬೆನ್ನ ಹಿಂದಿನಿಂದ ಒಂದು ದನಿ ಬಂತು.

"ಮೂರು ಅವ್ವಗ. ನಾಕು ಯಾರಿಗೂ ಅಲ್ಲ."

ಪುಸ್ತಕದಲ್ಲಿ ಅದೇ ಇತ್ತು. ತಿರುಗಿ ನೋಡಿದರೆ ಕಂಬಕ್ಕೆ ಒರಗಿ ಕೂತಿದ್ದ ಮುದುಕಿ. ಹಿಲ್ಡಾಬಾಯಿಯದೇ ವಯಸ್ಸು. ಹೆಸರು ಗಂಗವ್ವ.

"ನಿನಗಿದು ಹ್ಯಾಂಗ ಗೊತ್ತಬೇ?" ಎಂದೆ.

"ನಮ್ಮಕ್ಕ ಕಟ್ಟಿದ್ದು. ನಮ್ಮವ್ವ ಸಾಯೋತನಕ ಒಬ್ಬಾಕಿನ ಕುಂತು ಅಂತಿದ್ಲು. ಆ ಪುಸ್ತಕದಾಗ ಯಾರು ಬರದ್ರು ಅದನ್ನ?"

ನಾನು ಹಿಲ್ಡಾಬಾಯಿಯನ್ನು ತೋರಿಸಿದೆ. ಸಂಗವ್ವ ಸಾಕಿದ ಬಂಗಲೆಯ ಹುಡುಗಿ ಇವರೇ ಎಂದೆ. ಹಿಲ್ಡಾಬಾಯಿ ಕಟ್ಟೆಯಿಂದ ಇಳಿದು ಮಣ್ಣಿನಲ್ಲಿ ಮೊಣಕಾಲೂರಿ ಗಂಗವ್ವನ ಕಾಲು ಮುಟ್ಟಿದರು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ನಿನ್ನ ಅಕ್ಕ ನನ್ನ ಗೆಳತಿ, ನಾನು ಇಂಗ್ಲೆಂಡಿಗೆ ಹೋದ ದಿನ ನನಗಾಗಿ ಕಾದು ಸತ್ತಳು, ಕ್ಷಮಿಸು ಎಂದು.

ಗಂಗವ್ವ ಕಾಲು ಹಿಂದೆ ಎಳೆದುಕೊಂಡಳು.

"ಈಕಿಗೇನು ಹುಚ್ಚು ಹಿಡದೈತೇನ್ರಿ ಅಕ್ಕೋರ? ನಮ್ಮಕ್ಕ ಹೊಳಿಗೆ ಹೋದಾಗ ನಾ ತೊಟ್ಟಲದಾಗ ಇದ್ದೆ. ನೀರು ತರಾಕ ಹೋದಾಕಿ, ಹೆಣಾನೂ ಸಿಗಲಿಲ್ಲ. ಈಕಿ ಮಂದಿ ಈ ಊರಿಗೆ ಬಂದಿದ್ದು ಅದಾದ ನಾಕ ವರ್ಷಕ್ಕ. ಈಕಿ ನಮ್ಮಕ್ಕನ್ನ ಎಲ್ಲಿ ನೋಡ್ಯಾಳು?"

ಹೆಂಗಸರ ಕೈಯಲ್ಲಿ ಶೇಂಗಾ ನಿಂತವು. ನಾನು ಮಾತು ಮಾತು ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದೆ. ಹಿಲ್ಡಾಬಾಯಿ ಮೊಣಕಾಲ ಮೇಲೆಯೇ ಇದ್ದರು. ಗಂಗವ್ವ ಇನ್ನೂ ಮಾತಾಡುತ್ತಿದ್ದಳು, ದನಿ ಏರುತ್ತ ಹೋಯಿತು. ಅಕ್ಕ ಹೋದ ಮೇಲೆ ಅವ್ವನಿಗೆ ಹೊಳೆಯ ಅಂಜಿಕೆ ಹತ್ತಿ, ಇವಳನ್ನು ಸಿಂದಗಿ ಕಡೆಯ ಮೋರಟಗಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟಳಂತೆ. ಅಲ್ಲಿ ಹೊಳೆ ಇಲ್ಲ, ಭಾವಿಗೂ ನೀರಿಲ್ಲ. ಬಂಗಲೆಯವರು ಹೋದ ಮೇಲೆ ಕರೆದುಕೊಂಡು ಬರಲು ಬಂದಳಂತೆ.

"ಅಜ್ಜಿ ಹಿಂದ ಅಡಗಿ ನಿಂತು, ಯಾರಬೇ ಈಕಿ ಅಂದೆ. ನನ್ನ ಹಡದಾಕಿನ್ನ. ನಮ್ಮವ್ವನ ಒಂದು ಕೈ ಸತ್ತಾಕಿ ಹಿಡಕೊಂಡಿದ್ಲು, ಇನ್ನೊಂದು ಕೈ ಈ ಬಿಳೇ ಹುಡುಗಿ ಹಿಡಕೊಂಡಿದ್ಲು. ನನಗ ಯಾವ ಕೈ ಇತ್ತು? ಕ್ಷಮಾ ಕೇಳೂದಿದ್ರ ಅದಕ್ಕ ಕೇಳಂತ ಹೇಳ್ರಿ."

ನಾನು ಹಿಲ್ಡಾಬಾಯಿಗೆ ಹೇಳಿದ್ದು ಇಷ್ಟೇ: "ಅವಳಿಗೆ ಬೇಸರವಾಗಿದೆ."

ಕಾರಿನಲ್ಲಿ ಹಿಲ್ಡಾಬಾಯಿ, "ಅವಳು ಅಷ್ಟೊತ್ತು ಮಾತಾಡಿದಳು. ನೀವು ಒಂದೇ ಮಾತು ಹೇಳಿದಿರಿ," ಎಂದರು. ಸುಳ್ಳು ಹೇಳುವುದು ಸಾಧ್ಯವಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕಿಟಕಿಯ ಆಚೆ ಕಬ್ಬಿನ ಹೊಲ ನೋಡುತ್ತ ಕೂತರು.

ಮರುದಿನ ಹೋದಾಗ ಅವರಿಗೆ ಜ್ವರ. ನಾನು ಸಮಾಧಾನ ಹೇಳಿದೆ. ಮಗಳನ್ನು ಕಳೆದುಕೊಂಡ ತಾಯಿ ಸತ್ತವಳ ಕಥೆಯನ್ನು ಇದ್ದವಳ ಕಥೆಯಂತೆ ಹೇಳಿರಬೇಕು, ನಾಲ್ಕು ವರ್ಷದ ಕೂಸು ಅದನ್ನೇ ಕಣ್ಣಲ್ಲಿ ಕಂಡಂತೆ ನಂಬಿರಬೇಕು, ನೀವು ಯಾರನ್ನೂ ಕೊಂದಿಲ್ಲ, ಹಗುರಾಗಿ ಎಂದೆ.

"ಹೌದು, ಹಾಗೇ ಇರಬೇಕು," ಎಂದರು ಅವರು. ಆಮೇಲೆ ತಮ್ಮ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಹಿಡಿದು ತೋರಿಸಿದರು. "ಅವಳು ನನ್ನನ್ನು ಇಲ್ಲಿ ಹಿಡಿದು ಎಳೆಯುತ್ತಿದ್ದಳು. ಅವಳ ಕೈ ಯಾವಾಗಲೂ ಒದ್ದೆ. ಎಂಥ ಬೇಸಿಗೆಯಲ್ಲೂ ಒದ್ದೆ. ಮಕ್ಕಳಿಗೆ ಕಥೆ ಕೇಳಿ ಕೈ ಒದ್ದೆಯಾಗುತ್ತದೆಯೇ, ಶಾರದಾ?"

ಹತ್ತು ಹನ್ನೆರಡು ದಿನ ಅವರು ಹೊರಗೆ ಬರಲಿಲ್ಲ. ಇತ್ತ ಮುಂಗಾರಿನ ಮಿರ್ಗದ ಮಳೆ ಬಂತು. ಮೇಲೆ ಮಹಾರಾಷ್ಟ್ರದಲ್ಲಿ ಜೋರು ಹತ್ತಿದೆ, ಇನ್ನು ವಾರದಲ್ಲಿ ಹೊಳೆ ತುಂಬಿ ಬರುತ್ತದೆ ಎಂದು ಜನ ಮಾತಾಡಿಕೊಂಡರು. ಅಂಥ ಒಂದು ಮೋಡದ ಬೆಳಿಗ್ಗೆ ಮೈಬೂಬಣ್ಣನ ಕಾರು ನಮ್ಮ ಮನೆ ಮುಂದೆ ನಿಂತಿತು. ಒಳಗೆ ಗಂಗವ್ವ ಕೂತಿದ್ದಳು, ತೊಡೆಯ ಮೇಲೆ ಒಂದು ಗಂಟು.

"ಆ ಬಾಯಿನ್ನ ಕರಕೊಳ್ರಿ ಅಕ್ಕೋರ. ನೀರು ಬರೂದ್ರಾಗ ಪಾವಟಿಗಿಗೆ ಹೋಗಬೇಕು. ಆ ಊರಾಗ ಬಾಳೇವು ಮಾಡಿದೆ, ಆದ್ರ ಹೊಳಿಗೆ ಒಂದು ದಿನ ಇಳಿದಾಕಿ ಅಲ್ಲ ನಾ. ಅವ್ವ ಇಳಿಯಾಕ ಬಿಡಲಿಲ್ಲ. ಅವ್ವ ಹೋದಮ್ಯಾಲ ನನಗ ಧೈರ್ಯ ಆಗಲಿಲ್ಲ. ಅಕ್ಕನ್ನ ಕಂಡೇನಿ ಅನ್ನಾಕಿ ಜೋಡಿ ಇದ್ರ ಇಳೀತೇನಿ."

ಮೂವರೂ ಹೋದೆವು. ರೇವೆಯೆಲ್ಲ ಕೆಸರಾಗಿತ್ತು. ಇಬ್ಬರು ಮುದುಕಿಯರೂ ಒಬ್ಬರ ರಟ್ಟೆ ಒಬ್ಬರು ಹಿಡಿದು ನಡೆದರು, ಜಾರದಿರಲಿ ಎಂದಷ್ಟೇ. ಪಾವಟಿಗೆಯ ಮೇಲೆ ಗಂಗವ್ವ ಗಂಟು ಬಿಚ್ಚಿದಳು. ಹಸಿರು ಬಳೆ, ಅರಿಷಿಣ ಕುಂಕುಮ, ಒಂದು ಕೊಬ್ಬರಿ ಬಟ್ಟಲು, ಒಂಬತ್ತು ವರ್ಷದ ಹುಡುಗಿಗೆ ಆಗುವಂಥ ಹೊಸ ಕೆಂಪು ಪರಕಾರ, ನಿರಿಗೆಯ ಉದ್ದ ಲಂಗ. ಎಲ್ಲವನ್ನೂ ಒಂದೊಂದಾಗಿ ಕಲ್ಲಿನ ಮೇಲೆ ಜೋಡಿಸಿದಳು. ಕೊನೆಗೆ ನನ್ನ ಕಡೆ ನೋಡದೆ ಕೇಳಿದಳು.

"ನಮ್ಮವ್ವ ಈಕಿನ್ನ ಹ್ಯಾಂಗ ನೋಡಕೋತಿದ್ಲು, ಕೇಳ್ರಿ. ತಲಿ ಹಿಕ್ಕತಿದ್ಲೇನು?"

ನಾನು ಕೇಳಿದೆ. ಹಿಲ್ಡಾಬಾಯಿ ಬಹಳ ಹೊತ್ತು ಯೋಚಿಸಿದರು. ಅವರು ಹೇಳಿದ್ದನ್ನು ಈ ಸಲ ಒಂದು ಅಕ್ಷರ ಬಿಡದೆ ಹೇಳಿದೆ.

"ದಿನಾ ಬಾಚುತ್ತಿದ್ದಳು. ಮೊದಲು ಎಣ್ಣೆ, ಆಮೇಲೆ ಕಟ್ಟಿಗೆಯ ಹಣಿಗೆ. ಬಾಚುತ್ತ ಬಾಚುತ್ತ ಎಲ್ಲೋ ಹೋಗಿಬಿಡುತ್ತಿದ್ದಳು. ಆಗ ನನ್ನನ್ನು ಗಂಗಿ ಎಂದು ಕರೆಯುತ್ತಿದ್ದಳು. ಅದು ಮುದ್ದಿನ ಮಾತು ಎಂದುಕೊಂಡಿದ್ದೆ. ಅದೊಂದು ಹೆಸರು ಎಂದು ನನಗೆ ನಿನ್ನನ್ನು ಕಂಡ ದಿನ ಗೊತ್ತಾಯಿತು."

ಗಂಗವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಗಂಗಿ ಅಂತಿದ್ಲು?"

"ಹೌದಂತಬೇ."

"ದಿನಾ?"

"ದಿನಾ."

ಅವಳು ಅಳಲಿಲ್ಲ. ತಲೆಯ ಮೇಲಿನ ಸೆರಗು ಹಿಂದೆ ಸರಿಸಿದಳು. ಹಿಲ್ಡಾಬಾಯಿ ಕೈ ನೀಡಿ ಆ ಬಿಳಿ ಕೂದಲನ್ನು ಹಣೆಯಿಂದ ಹಿಂದಕ್ಕೆ ಬೆರಳಿನಿಂದ ಬಾಚಿದರು, ಒಂದು ಸಲ, ಎರಡು ಸಲ, ಬೈತಲೆ ನೆಟ್ಟಗೆ ಬರುವವರೆಗೆ. ಅವರು ಹೇಳಿದ್ದು ನಿಜವೋ, ಕಥೆ ಬರೆಯುವ ಮುದುಕಿ ಇನ್ನೊಬ್ಬ ಮುದುಕಿಗೆ ಕಟ್ಟಿ ಕೊಟ್ಟ ಮಾತೋ, ನಾನು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಗಂಗವ್ವ ಬಳೆ, ಅರಿಷಿಣ ಕುಂಕುಮ, ಕೊಬ್ಬರಿಯನ್ನು ಹೊಳೆಗೆ ಒಪ್ಪಿಸಿದಳು. ಕೊನೆಗೆ ಪರಕಾರವನ್ನು ನೀರಿನ ಮೇಲೆ ಬಿಡಿಸಿ ಹಾಸಿದಳು. ಗಾಳಿ ಇರಲಿಲ್ಲ. ನೀರು ಎಣ್ಣೆಯಂತೆ ನಿಂತಿತ್ತು. ಪರಕಾರ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅದರ ಸೊಂಟದ ಭಾಗ ಮೇಲಕ್ಕೆದ್ದು ನಿರಿಗೆ ಕೆಳಗೆ ಇಳಿಬಿತ್ತು. ಯಾರೋ ಉಟ್ಟುಕೊಂಡು ನಡೆದ ಹಾಗೆ, ನೆಟ್ಟಗೆ, ಅವಸರವಿಲ್ಲದೆ ನಡುನೀರಿಗೆ ಹೊರಟಿತು. ಮೇಲಿನಿಂದ ಹೊಸ ನೀರು ಒಳಗೊಳಗೇ ಬಂದು ಸೇರುವಾಗ ಹೀಗೆ ಸೆಳೆತ ಇರುತ್ತದೆ. ಅದು ನನಗೆ ಗೊತ್ತು. ನಾನು ವಿಜ್ಞಾನವನ್ನೂ ಓದಿದವಳು. ಆದರೂ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿ ನಿಂತೆ.

"ಇಳಿಜಾರೈತಿ, ಹುಷಾರಬೇ," ಎಂದಳು ಗಂಗವ್ವ, ನೀರಿನ ಕಡೆಗೆ ನೋಡಿ.

ನಾಲ್ಕು ದಿನಕ್ಕೆ ಹೊಳೆ ಬಂತು. ಹಳೇ ಹೊಳಿಹಾಳ ಮತ್ತೆ ಮುಳುಗಿತು. ಹಿಲ್ಡಾಬಾಯಿ ಊರಿಗೆ ಹೊರಟ ದಿನ ಸ್ಟೇಷನ್ನಿಗೆ ಗಂಗವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ, ಆದರೂ ನನಗೆ ತರ್ಜುಮೆಯ ಕೆಲಸ ಬೀಳಲಿಲ್ಲ. ರೈಲು ಹತ್ತುವ ಮುಂಚೆ ಹಿಲ್ಡಾಬಾಯಿ ನನ್ನ ಕಿವಿಯಲ್ಲಿ, "ನಿನ್ನೆ ಬೆಳಿಗ್ಗೆ ಅವಳು ಬಂದಿದ್ದಳು. ಮೇಜಿನ ಎಡಕ್ಕೆ," ಎಂದರು.

ಮರುವರ್ಷ ಮಳೆಗಾಲದಲ್ಲಿ ಒಂದು ಪೊಟ್ಟಣ ಬಂತು. ಹಿಲ್ಡಾಬಾಯಿ ತೀರಿಕೊಂಡರು ಎಂದು ಅವರ ಸಂಬಂಧಿಕರೊಬ್ಬರು ಬರೆದಿದ್ದರು. ಜೊತೆಗೆ ಅವರ ಇಪ್ಪತ್ತನೆಯ ಪುಸ್ತಕ, ಟೈಪ್ ಮಾಡಿದ ಹಾಳೆಗಳಲ್ಲಿ. ಪ್ರಕಾಶಕರಿಗೆ ಕಳಿಸಬಾರದು, ಗಂಗವ್ವನಿಗೆ ಓದಿ ಹೇಳಬೇಕು ಎಂದು ಮೇಲೆ ಬರೆದಿತ್ತು.

ಆ ರವಿವಾರ ಮಧ್ಯಾಹ್ನ ಪುನರ್ವಸತಿ ಊರಿಗೆ ಹೋದೆ. ಹೊರಗೆ ಜಿಟಿಜಿಟಿ ಮಳೆ. ಗಂಗವ್ವನ ಮಗ ಸೊಸೆ ಹೊಲಕ್ಕೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ಅವಳು ಹಗ್ಗ ಹೆಣೆದ ಹೊರಸಿನ ಮೇಲೆ ಕಾಲು ಚಾಚಿ ಕೂತಳು, ನಾನು ಕೆಳಗೆ ಚಾಪೆಯ ಮೇಲೆ ಕೂತು ಕನ್ನಡ ಮಾಡಿಕೊಳ್ಳುತ್ತ ಓದಿದೆ. ಹೊಳೆ ಇಲ್ಲದ ಒಂದು ಊರು. ಅಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆಯುವ ಗಂಗಿ ಎಂಬ ಹುಡುಗಿ. ಅವಳು ದಿನಾ ಸಂಜೆ ಊರ ಅಗಸಿಬಾಗಿಲಲ್ಲಿ ನಿಂತು ಅವ್ವನ ದಾರಿ ಕಾಯುತ್ತಾಳೆ. ಒಂದು ದಿನ ಧೂಳಿನ ದಾರಿಯಲ್ಲಿ ಒದ್ದೆ ಲಂಗದ ಒಬ್ಬ ಹುಡುಗಿ ಅವ್ವನ ಕೈ ಹಿಡಿದು ಎಳೆಯುತ್ತ ಕರೆತಂದು, ಇಗೋ ನಿನ್ನವಳು ಎಂದು ಒಪ್ಪಿಸಿ ಹೋಗುತ್ತಾಳೆ. ಅವ್ವ ದೂರದಿಂದಲೇ ಗಂಗೀ ಎಂದು ಕೂಗುತ್ತಾಳೆ. ಅಲ್ಲಿಗೆ ಮುಗಿದಿತ್ತು.

ಗಂಗವ್ವ ನನ್ನ ಕೈಯಿಂದ ಕೊನೆಯ ಹಾಳೆ ತೆಗೆದುಕೊಂಡು ತಿರುವಿ ನೋಡಿದಳು.

"ಹಂಗ ಆಗಲಿಲ್ರಿ," ಎಂದಳು. "ಸುಳ್ಳು ಬರದಾಳ."

"ಹೌದಬೇ."

"ಚಲೋ ಬರದಾಳ."

ನಾನು ಹಾಳೆಗಳನ್ನು ಜೋಡಿಸಿ ಏಳಲು ಹೊರಟೆ. ಅವಳು ಬೇಡ ಎಂದು ಕೈ ಮಾಡಿದಳು. ಹೊರಸಿನ ಮೇಲೆ ಚಾಚಿದ್ದ ಕಾಲುಗಳನ್ನು ನಿಧಾನಕ್ಕೆ ಮಡಚಿಕೊಂಡಳು, ಕಾಲದೆಸೆಗೆ ಒಂದು ಮೊಳದಷ್ಟು ಜಾಗ ಬಿಟ್ಟಳು.

"ಮೊದಲಿಂದ ಓದ್ರಿ ಅಕ್ಕೋರ."

"ಯಾಕಬೇ, ಎಲ್ಲಿ ತಿಳೀಲಿಲ್ಲ?"

"ನನಗ ತಿಳೀತು. ನಮ್ಮಕ್ಕ ಈಗ ಬಂದಾಳ."

ನಾನು ಹೊರಸಿನ ಕಡೆ ತಲೆಯೆತ್ತಲಿಲ್ಲ. ಮೊದಲ ಹಾಳೆ ತೆಗೆದು, ದನಿ ನಡುಗದಂತೆ ನೋಡಿಕೊಂಡು, ಮತ್ತೆ ಓದತೊಡಗಿದೆ.